ಕಿಲಿಮಂಜಾರೊದ ಆರು ರಾತ್ರಿಗಳು

(ಚಿಕ್ಕಮಗಳೂರಿನಲ್ಲಿ ಚಾರಣದ ಗೆಳೆಯರ ಮುಂದೆ ಆಡಿದ ಮಾತುಗಳ ಬರಹ ರೂಪ)

ಎಲ್ಲರಿಗೂ ನಮಸ್ಕಾರ. ಹೊರಗೆ ಮಳೆ ಬಿಡದೆ ಹಿಡಿದುಕೊಂಡಿದೆ, ಆದರೂ ಇಷ್ಟು ಜನ ಬಂದಿದ್ದೀರಿ. ತುಂಬಾ ಖುಷಿಯಾಯಿತು.

ಕಿಲಿಮಂಜಾರೊ ಹತ್ತಿ ಬಂದ ಮೇಲೆ ಸಿಕ್ಕಿದವರೆಲ್ಲ ಕೇಳುವುದು ಒಂದೇ ಪ್ರಶ್ನೆ: "ತುದೀಲಿ ಹೇಗಿತ್ತು?" ತುದಿಯಲ್ಲಿ ನಾನು ಇದ್ದದ್ದು ಹದಿನೈದು ನಿಮಿಷ. ಬೆಟ್ಟದ ಮೇಲೆ ಇದ್ದದ್ದು ಏಳು ಹಗಲು, ಆರು ರಾತ್ರಿ. ಹಗಲೆಲ್ಲ ನಡೆಯುವುದರಲ್ಲೇ ಕಳೆಯುತ್ತದೆ. ಬೆಟ್ಟ ಅಂದರೆ ಏನು ಅಂತ ನನಗೆ ತಿಳಿದದ್ದು ರಾತ್ರಿಗಳಲ್ಲಿ. ಅದಕ್ಕೇ ಇವತ್ತು ರಾತ್ರಿಗಳ ಬಗ್ಗೆ ಜಾಸ್ತಿ ಮಾತಾಡುತ್ತೇನೆ. ಆ ಚಳಿಯಲ್ಲಿ ಒಂದು ಗಿಡ ಬೆಳಗಿನವರೆಗೆ ಹೇಗೆ ಉಳಿಯುತ್ತದೆ, ನಮ್ಮ ಮೈ ಏನು ಮಾಡುತ್ತದೆ, ನಮ್ಮ ಸಾಮಾನು ಹೊತ್ತವರು ಎಲ್ಲಿ ಮಲಗುತ್ತಾರೆ, ಇದನ್ನೆಲ್ಲ ಹೇಳಬೇಕು.

ಮೊದಲು ಜಾಗದ ಪರಿಚಯ ಮಾಡಿಬಿಡುತ್ತೇನೆ. ಕಿಲಿಮಂಜಾರೊ ಇರುವುದು ತಾಂಜಾನಿಯಾದಲ್ಲಿ, ಕೀನ್ಯಾ ಗಡಿಯ ಪಕ್ಕ. ಭೂಮಧ್ಯರೇಖೆಯಿಂದ ಬರೀ ಮೂರು ಡಿಗ್ರಿ ದಕ್ಷಿಣಕ್ಕೆ. ಎತ್ತರ 5,895 ಮೀಟರ್. ಹಿಮಾಲಯದ ಹಾಗೆ ಸಾಲು ಸಾಲು ಬೆಟ್ಟಗಳಿಲ್ಲ. ಬಯಲಿನಲ್ಲಿ ಒಂಟಿಯಾಗಿ ಎದ್ದು ನಿಂತಿದೆ. ಮೂರು ಜ್ವಾಲಾಮುಖಿಗಳು ಸೇರಿ ಆದ ಬೆಟ್ಟ ಅದು: ಶಿರಾ, ಮಾವೆಂಜಿ, ಕಿಬೊ. ಶಿರಾ ಎಂದ ಕೂಡಲೇ ನಮಗೆ ತುಮಕೂರಿನ ಶಿರಾ ನೆನಪಾಗುತ್ತದೆ, ಅಲ್ವಾ? ಇದು ಬೇರೆ. ಕುಸಿದು ಚಪ್ಪಟೆಯಾಗಿರುವ ಹಳೆಯ ಜ್ವಾಲಾಮುಖಿ. ಎಲ್ಲಕ್ಕಿಂತ ಎತ್ತರದ್ದು ಕಿಬೊ. ಅದರ ಬಾಯಿಯ ಅಂಚಿನ ಅತಿ ಎತ್ತರದ ಜಾಗಕ್ಕೆ ಉಹುರು ಎಂದು ಹೆಸರು. ಸ್ವಾಹಿಲಿಯಲ್ಲಿ ಉಹುರು ಅಂದರೆ ಸ್ವಾತಂತ್ರ್ಯ. ಜರ್ಮನರ ಆಳ್ವಿಕೆಯಲ್ಲಿ ಆ ತುದಿಗೆ ಅವರ ಚಕ್ರವರ್ತಿಯ ಹೆಸರಿತ್ತು. 1961ರ ಡಿಸೆಂಬರ್‌ನಲ್ಲಿ ದೇಶ ಸ್ವತಂತ್ರವಾದ ಹೊತ್ತಿಗೆ ಅಲ್ಲಿ ಪಂಜು ಹೊತ್ತಿಸಿದರು. ಈ ಹೆಸರು ಬಂದದ್ದು ಆ ಸ್ವಾತಂತ್ರ್ಯದಿಂದ.

ನಮ್ಮ ಮುಳ್ಳಯ್ಯನಗಿರಿ 1,930 ಮೀಟರ್. ಕರ್ನಾಟಕದಲ್ಲಿ ಅದಕ್ಕಿಂತ ಎತ್ತರ ಇನ್ನಿಲ್ಲ. ನಾನು ಆರು ತಿಂಗಳು ಭಾನುವಾರ ಬಂದರೆ ಸರ್ಪದಾರಿ ಹತ್ತಿ ಅಭ್ಯಾಸ ಮಾಡಿದೆ. ಅಲ್ಲಿ ಹೋಗಿ ನೋಡಿದರೆ, ಮಚಾಮೆ ಗೇಟು, ಅಂದರೆ ನಡೆಯಲು ಶುರು ಮಾಡುವ ಜಾಗವೇ ಸುಮಾರು 1,800 ಮೀಟರ್. ನಮ್ಮ ರಾಜ್ಯದ ತುದಿ ಎಲ್ಲಿ ಮುಗಿಯುತ್ತದೋ ಹೆಚ್ಚೂಕಡಿಮೆ ಅಲ್ಲಿಂದ ಆ ಬೆಟ್ಟದ ದಾರಿ ಶುರು.

ನಾನು ಮೂವತ್ತು ವರ್ಷ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಪಾಠ ಮಾಡಿದವಳು. ಹೋದಾಗ ವಯಸ್ಸು ಐವತ್ತೆಂಟು. ಜೊತೆಗೆ ಬಂದವಳು ತಂಗಿಯ ಮಗಳು, ಇಪ್ಪತ್ನಾಲ್ಕರವಳು, ಬೆಂಗಳೂರಿನಲ್ಲಿ ಮ್ಯಾರಥಾನ್ ಓಡುತ್ತಾಳೆ. "ದೊಡ್ಡಮ್ಮ, ನೀವು ನಿಧಾನಕ್ಕೆ ಬನ್ನಿ, ನಾನು ಮೇಲೆ ಕಾಯ್ತಿರ್ತೀನಿ" ಅಂತ ಮೊದಲ ದಿನವೇ ಹೇಳಿದ್ದಳು.

ಮೊದಲ ಹಗಲು ಪೂರ್ತಿ ಕಾಡು. ಮಲೆನಾಡಿನವರಿಗೆ ಆ ಕಾಡು ಹೊಸದು ಅನ್ನಿಸುವುದೇ ಇಲ್ಲ. ಅದೇ ಪಾಚಿ, ಅದೇ ಜರೀಗಿಡ, ಕೊಂಬೆಗಳಿಂದ ಇಳಿಬಿದ್ದ ಕಲ್ಲುಹೂವಿನ ಗಡ್ಡ. ದಾರಿಯ ಪಕ್ಕದಲ್ಲಿ ಕೆಂಪು ಹಳದಿ ಬಣ್ಣದ ಒಂದು ಪುಟ್ಟ ಹೂವು ಕಂಡು ಕೂತುಬಿಟ್ಟೆ. ಆನೆಯ ಸೊಂಡಿಲಿನ ಹಾಗೆ ಬಾಗಿದ ಬಾಲ. ನಮ್ಮ ಕರ್ಣಕುಂಡಲದ ಜಾತಿಯದು. ಆದರೆ ಈ ಬೆಟ್ಟ ಬಿಟ್ಟು ಬೇರೆಲ್ಲೂ ಇಲ್ಲ. ನಮ್ಮ ಘಟ್ಟದಲ್ಲೂ ಹಾಗೇ, ಒಂದೊಂದು ಬೆಟ್ಟಕ್ಕೆ ಒಂದೊಂದು ಕರ್ಣಕುಂಡಲ ಇರುತ್ತದಲ್ಲ. ನಾನು ಮಂಡಿಯೂರಿ ಹೂ ನೋಡುತ್ತಿದ್ದರೆ ನಮ್ಮ ಗೈಡ್ ಪಕ್ಕದಲ್ಲೇ ಕೂತು, "ಮಾಮಾ, ಪೋಲೆ ಪೋಲೆ" ಅಂದ. ನಲವತ್ತರ ಆಸುಪಾಸಿನವನು, ಆ ಬೆಟ್ಟದ ಬುಡದ ಊರಿನವನೇ. ಮಾಮಾ ಅಂದರೆ ಅವರಲ್ಲಿ ಅಮ್ಮ. ದೊಡ್ಡ ಹೆಂಗಸರನ್ನೆಲ್ಲ ಗೌರವದಿಂದ ಹಾಗೇ ಕರೆಯುತ್ತಾರೆ. ಪೋಲೆ ಪೋಲೆ ಅಂದರೆ ನಿಧಾನ, ನಿಧಾನ. ಮುಂದಿನ ಏಳು ದಿನ ಅವನ ಬಾಯಲ್ಲಿ ಅತಿ ಹೆಚ್ಚು ಕೇಳಿದ ಮಾತು ಅದು.

ಎರಡನೆಯ ದಿನ ಮರಗಳು ಕುಳ್ಳಗಾಗುತ್ತವೆ, ಪೊದೆಗಳು ಬರುತ್ತವೆ, ಶಿರಾ ಬಯಲು ತೆರೆದುಕೊಳ್ಳುತ್ತದೆ. ಎತ್ತರ 3,800 ಮೀಟರಿನ ಆಸುಪಾಸು. ಮಧ್ಯಾಹ್ನ ಬಿಸಿಲು ಎಷ್ಟಿತ್ತೆಂದರೆ ನನ್ನ ಮೂಗಿನ ಮೇಲಿನ ಚರ್ಮ ಸುಲಿಯಿತು. ಸೂರ್ಯ ಮುಳುಗಿದ್ದೇ ತಡ, ಯಾರೋ ಬಾಗಿಲು ಹಾಕಿಕೊಂಡ ಹಾಗೆ ಬಿಸಿಲು ಹೋಯಿತು. ಒಂದು ಗಂಟೆಯೊಳಗೆ ಬಟ್ಟೆಯ ಮೇಲೆ ಬಟ್ಟೆ ಹಾಕಿಕೊಂಡೆವು. ಬೆಳಿಗ್ಗೆ ಎದ್ದು ನೋಡಿದರೆ ಟೆಂಟಿನ ಮೇಲೆ ಬಿಳಿ ಹುಡಿ ಹುಡಿ ಇಬ್ಬನಿ, ಚೊಂಬಿನ ನೀರಿನ ಮೇಲೆ ಗಾಜಿನಂಥ ಮಂಜುಗಡ್ಡೆ.

ಉಷ್ಣವಲಯದ ಎತ್ತರದ ಬೆಟ್ಟದ ಗುಟ್ಟು ಇದು. ಅಲ್ಲಿ ಜನವರಿಗೂ ಜುಲೈಗೂ ಅಷ್ಟೇನೂ ವ್ಯತ್ಯಾಸ ಇಲ್ಲ. ವ್ಯತ್ಯಾಸ ಇರುವುದು ಮಧ್ಯಾಹ್ನಕ್ಕೂ ಮಧ್ಯರಾತ್ರಿಗೂ. ಈ ಬೆಟ್ಟಗಳ ಗಿಡಗಳನ್ನು ಅಭ್ಯಾಸ ಮಾಡಿದ ಸ್ವೀಡನ್ನಿನ ಸಸ್ಯವಿಜ್ಞಾನಿ ಓಲೊವ್ ಹೆಡ್‌ಬರ್ಗ್ ಇದನ್ನು ದಿನಾ ಹಗಲು ಬೇಸಿಗೆ, ದಿನಾ ರಾತ್ರಿ ಚಳಿಗಾಲ ಅಂತ ಹೇಳಿದ್ದರು. ಯೋಚನೆ ಮಾಡಿ. ಹಿಮಾಲಯದ ಗಿಡಕ್ಕೆ ಚಳಿಗಾಲ ಅಂದರೆ ಎಲೆ ಉದುರಿಸಿ ತಿಂಗಳುಗಟ್ಟಲೆ ಮಲಗುವ ಕಾಲ. ಇಲ್ಲಿಯ ಗಿಡ ಆ ಉಪಾಯ ಮಾಡುವ ಹಾಗಿಲ್ಲ. ಹನ್ನೆರಡು ಗಂಟೆಗೊಮ್ಮೆ ಎಲೆ ಉದುರಿಸಿ ಮತ್ತೆ ಚಿಗುರಿಸುವುದಕ್ಕೆ ಆಗುತ್ತದಾ?

ಮತ್ತೆ ಅದು ಏನು ಮಾಡುತ್ತದೆ? ಅದನ್ನು ಮೂರನೆಯ ದಿನ ಸಂಜೆ ಬರಾಂಕೊ ಕಣಿವೆಯಲ್ಲಿ ಕಣ್ಣಾರೆ ಕಂಡೆ. ಮೂವತ್ತು ವರ್ಷ ಚಿತ್ರ ತೋರಿಸಿ ಪಾಠ ಮಾಡಿದ್ದ ಗಿಡ ಎದುರಿಗೆ ನಿಂತಿತ್ತು. ದೈತ್ಯ ಸೆನೀಸಿಯೊ. ನಮ್ಮ ಸೇವಂತಿಗೆ, ಸೂರ್ಯಕಾಂತಿ, ಹುಚ್ಚೆಳ್ಳು ಇವುಗಳದ್ದೇ ಕುಟುಂಬ. ಆದರೆ ಎರಡಾಳು ಎತ್ತರ, ಕೆಲವು ಅದಕ್ಕೂ ಜಾಸ್ತಿ. ದಪ್ಪ ಕಾಂಡ, ತಲೆಯ ಮೇಲೆ ಎಲೆಕೋಸಿನ ಹಾಗೆ ಎಲೆಗಳ ಗೊಂಚಲು. ಎಲೆ ಸತ್ತರೆ ಅದು ಉದುರುವುದಿಲ್ಲ. ಕಾಂಡಕ್ಕೇ ಅಂಟಿಕೊಂಡು ಇಳಿಬೀಳುತ್ತದೆ. ವರ್ಷ ವರ್ಷದ ಒಣ ಎಲೆಗಳು ಒಂದರ ಮೇಲೊಂದು ಸೇರಿ ಕಾಂಡದ ಸುತ್ತ ಕಂಬಳಿಯಾಗುತ್ತವೆ. ನಾನು ಕೈಗವಸು ತೆಗೆದು ಆ ಒಣ ಎಲೆಗಳ ಒಳಗೆ ಬೆರಳು ತೂರಿಸಿದೆ. ಹೊರಗೆ ಗಾಳಿ ಕೊರೆಯುತ್ತಿತ್ತು. ಒಳಗೆ ಹಗಲಿನ ಬಿಸಿಲು ಇನ್ನೂ ಸ್ವಲ್ಪ ಉಳಿದಿತ್ತು. ನಮ್ಮ ಕಡೆ ಕುರಿ ಕಾಯುವವರು ಕಂಬಳಿ ಕೊಪ್ಪೆ ಹಾಕಿಕೊಂಡು ನಿಲ್ಲುತ್ತಾರಲ್ಲ, ಆ ಕತ್ತಲಲ್ಲಿ ಅವು ಹಾಗೇ ಕಾಣುತ್ತಿದ್ದವು.

ಇಷ್ಟಕ್ಕೆ ಮುಗಿಯಲಿಲ್ಲ. ಕತ್ತಲಾಗುತ್ತಿದ್ದ ಹಾಗೆ ಮೇಲಿನ ಎಲೆಗಳು ಒಳಮುಖವಾಗಿ ಮುಚ್ಚಿಕೊಂಡು ನಡುವಿನ ಮೊಗ್ಗನ್ನು ಅಪ್ಪಿಕೊಳ್ಳುತ್ತವೆ. ಕಾಂಡದ ಒಳಗಿನ ತಿರುಳಿನಲ್ಲಿ ನೀರು ಕೂಡಿಟ್ಟಿರುತ್ತದೆ. ಬೆಳಿಗ್ಗೆ ನೆಲ ಹೆಪ್ಪುಗಟ್ಟಿ ಬೇರಿಗೆ ನೀರು ಸಿಗದಿದ್ದಾಗ, ಬಿಸಿಲಿಗೆ ಬಿಚ್ಚಿಕೊಂಡ ಎಲೆಗಳಿಗೆ ಈ ನೀರೇ ಆಧಾರ. ಪಕ್ಕದಲ್ಲೇ ಲೊಬೇಲಿಯಾ ಇತ್ತು. ಅದರ ಉಪಾಯ ಇನ್ನೊಂದು. ಅದು ಎಲೆಗಳ ಬಟ್ಟಲಿನಲ್ಲಿ ನೀರು ತುಂಬಿಕೊಂಡಿರುತ್ತದೆ. ರಾತ್ರಿ ಮೇಲಿನ ಪದರ ಮಾತ್ರ ಹೆಪ್ಪುಗಟ್ಟುತ್ತದೆ, ಕೆಳಗಿನ ನೀರು ಹಾಗೇ ಉಳಿದು ಮೊಗ್ಗನ್ನು ಕಾಯುತ್ತದೆ. ಬೆಳಿಗ್ಗೆ ಆರೂವರೆಗೆ ಹೋಗಿ ಆ ಮಂಜುಗಡ್ಡೆಯ ಬಿಲ್ಲೆಯನ್ನು ಬೆರಳಲ್ಲಿ ಒತ್ತಿದೆ. ಚಟ್ ಅಂತ ಸೀಳಿತು, ಕೆಳಗೆ ನೀರು. ಇಷ್ಟು ವರ್ಷ ಕಪ್ಪು ಹಲಗೆಯ ಮೇಲೆ ಬರೆದದ್ದು ನಿಜ ಅಂತ ಗೊತ್ತಿತ್ತು. ಆದರೂ ಕಣ್ಣಲ್ಲಿ ನೀರು ಬಂತು.

ಈಗ ನಮ್ಮ ಮೈಯ ವಿಷಯ. ತುದಿಯಲ್ಲಿ ಗಾಳಿಯ ಒತ್ತಡ ಸಮುದ್ರ ಮಟ್ಟದಲ್ಲಿ ಇರುವುದರ ಸುಮಾರು ಅರ್ಧ. ಗಾಳಿಯಲ್ಲಿ ಆಮ್ಲಜನಕದ ಪಾಲು ಅಷ್ಟೇ ಇರುತ್ತದೆ, ಆದರೆ ಒಂದು ಉಸಿರಿಗೆ ಸಿಗುವುದು ಅರ್ಧ. ಹಾಗಾಗಿ ಮೈ ಜೋರಾಗಿ ಉಸಿರಾಡಲು ನೋಡುತ್ತದೆ. ಜೋರಾಗಿ ಉಸಿರಾಡಿದರೆ ಇಂಗಾಲದ ಡೈಆಕ್ಸೈಡ್ ಜಾಸ್ತಿ ಹೊರಗೆ ಹೋಗಿ ರಕ್ತ ಕ್ಷಾರವಾಗುತ್ತದೆ. ಆಗ ಮಿದುಳು "ಸಾಕು, ನಿಲ್ಲಿಸು" ಅನ್ನುತ್ತದೆ. ಈ ಜಗಳ ಬಿಡಿಸುವುದು ಮೂತ್ರಪಿಂಡ. ಅದು ಕ್ಷಾರವನ್ನು ಹೊರಗೆ ಹಾಕಬೇಕು, ಅದಕ್ಕೆ ದಿನಗಳು ಬೇಕು. ಬೆಟ್ಟದಲ್ಲಿ ರಾತ್ರಿ ಮೂರು ಮೂರು ಸಲ ಮೂತ್ರಕ್ಕೆ ಏಳುವುದು ಇದಕ್ಕೇ. ಬೇಜಾರು ಮಾಡಿಕೊಳ್ಳಬೇಡಿ, ಮೈ ಹೊಂದಿಕೊಳ್ಳುತ್ತಿದೆ ಎಂದರ್ಥ. ಪೋಲೆ ಪೋಲೆ ಅನ್ನುವುದರ ಹಿಂದೆ ಇರುವುದೂ ಇದೇ. ಕಾಲು ಎಷ್ಟು ಬೇಗ ಹೋಗಬಲ್ಲದು ಅನ್ನುವುದು ಮುಖ್ಯ ಅಲ್ಲ, ಮೂತ್ರಪಿಂಡಕ್ಕೆ ಎಷ್ಟು ದಿನ ಬೇಕು ಅನ್ನುವುದು ಮುಖ್ಯ.

ಮೂರನೆಯ ದಿನ ಲಾವಾ ಟವರ್ ಎಂಬ ಬಂಡೆಯವರೆಗೆ, ಸುಮಾರು 4,600 ಮೀಟರ್ ಹತ್ತಿಸಿ, ಮತ್ತೆ 3,900ರ ಮೇಲಿನ ಬರಾಂಕೊಗೆ ಇಳಿಸಿ ಮಲಗಿಸುತ್ತಾರೆ. ಮೈಗೆ ಎತ್ತರದ ರುಚಿ ತೋರಿಸಿ ಕೆಳಗೆ ಮಲಗಿಸುವುದು. ಅಲ್ಲೇ ನನ್ನ ಹುಡುಗಿ ಕುಸಿದು ಕೂತು ವಾಂತಿ ಮಾಡಿಕೊಂಡಳು. ಮೂರು ದಿನವೂ ಎಲ್ಲರಿಗಿಂತ ಮುಂದೆ ನಡೆದವಳು ಅವಳೇ. ಸಾಮಾನು ಹೊತ್ತು ಹೋಗುತ್ತಿದ್ದ ಒಬ್ಬ ಹುಡುಗ ನಿಂತು, ತಲೆಯ ಮೇಲಿನ ಹೊರೆ ಇಳಿಸದೆಯೇ, "ಪೋಲೆ, ದಾದಾ" ಅಂದ. ದಾದಾ ಅಂದರೆ ಅಕ್ಕ. ಪೋಲೆ ಒಂದೇ ಸಲ ಹೇಳಿದರೆ ನಿಧಾನ ಅಂತಲ್ಲ, ನಮ್ಮ "ಅಯ್ಯೋ ಪಾಪ" ಅನ್ನುವ ಮಾತು. ಒಂದು ಪದ, ಒಂದು ಸಲ ಹೇಳಿದರೆ ಸಮಾಧಾನ, ಎರಡು ಸಲ ಹೇಳಿದರೆ ಬುದ್ಧಿಮಾತು. ಆ ರಾತ್ರಿ ಟೆಂಟಿನಲ್ಲಿ ಅವಳ ಉಸಿರು ನಿಂತು ನಿಂತು ಬರುತ್ತಿತ್ತು. ಹತ್ತು ಹದಿನೈದು ಸೆಕೆಂಡು ಸದ್ದೇ ಇಲ್ಲ, ಆಮೇಲೆ ಒಮ್ಮೆಲೇ ಎಳೆದುಕೊಳ್ಳುವುದು. ಎತ್ತರದಲ್ಲಿ ನಿದ್ದೆಯಲ್ಲಿ ಹೀಗಾಗುವುದು ಸಾಮಾನ್ಯ ಅಂತ ಓದಿದ್ದೆ. ಆದರೆ ನಾವು ಎತ್ತಿ ಆಡಿಸಿದ ಮಗು ಪಕ್ಕದಲ್ಲಿ ಹಾಗೆ ಉಸಿರಾಡುತ್ತಿದ್ದರೆ ಓದಿದ್ದು ಯಾವುದೂ ನೆನಪಿಗೆ ಬರುವುದಿಲ್ಲ. ಬೆಳಗಿನವರೆಗೆ ಅವಳ ಉಸಿರನ್ನು ಎಣಿಸುತ್ತಾ ಕೂತಿದ್ದೆ.

ನಾಲ್ಕನೆಯ ರಾತ್ರಿ ಕರಂಗದಲ್ಲಿ. ಸ್ವಾಹಿಲಿಯಲ್ಲಿ ಕರಂಗ ಅಂದರೆ ಕಡಲೆಕಾಯಿ. ಕರಂಗ ಕಣಿವೆಯ ತೊರೆ ದಾರಿಯಲ್ಲಿ ಸಿಗುವ ಕೊನೆಯ ನೀರು. ಮುಂದಿನ ಶಿಬಿರ ಬರಾಫುವಿನಲ್ಲಿ ಹನಿ ನೀರಿಲ್ಲ. ಬರಾಫು ಅಂದರೆ ಮಂಜುಗಡ್ಡೆ, ಹಿಂದಿಯ ಬರ್ಫ್ ಇದೆಯಲ್ಲ, ಎರಡರ ಮೂಲವೂ ಪಾರಸಿ. ಅಲ್ಲಿ ನಾವು ಕುಡಿದ ಚಹಾ, ಅಡುಗೆಗೆ ಬಳಸಿದ ನೀರು, ಎಲ್ಲವನ್ನೂ ಕರಂಗದಿಂದ ಆರುನೂರು ಮೀಟರ್ ಮೇಲಕ್ಕೆ ತಲೆಯ ಮೇಲೆ ಹೊತ್ತು ತಂದದ್ದು ನಮ್ಮ ಜೊತೆಗಿದ್ದ ಪೋರ್ಟರುಗಳು.

ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ಹತ್ತಿದವರು ನಾವಿಬ್ಬರು. ನಮ್ಮ ಜೊತೆ ಬಂದವರು ಹನ್ನೊಂದು ಜನ. ಗೈಡ್, ಅವನ ಸಹಾಯಕ, ಅಡುಗೆಯವನು, ಉಳಿದವರು ಹೊರೆ ಹೊರುವವರು. ಅಲ್ಲಿ ಗೈಡ್ ಇಲ್ಲದೆ ಹತ್ತಲು ಬಿಡುವುದಿಲ್ಲ. ಒಬ್ಬರು 20 ಕಿಲೊಗಿಂತ ಜಾಸ್ತಿ ಹೊರಬಾರದು ಎಂಬ ನಿಯಮ ಇದೆ, ಗೇಟಿನಲ್ಲಿ ತೂಕ ಮಾಡುತ್ತಾರೆ. ನಾವು ಹೊರಟ ಮೇಲೆ ಅವರು ಟೆಂಟು ಬಿಚ್ಚಿ, ಪಾತ್ರೆ ತೊಳೆದು, ಎಲ್ಲ ಕಟ್ಟಿಕೊಂಡು ಹೊರಡುತ್ತಾರೆ. ದಾರಿಯಲ್ಲಿ ನಮ್ಮನ್ನು ದಾಟಿ, ನಾವು ತಲುಪುವ ಹೊತ್ತಿಗೆ ಟೆಂಟು ಹಾಕಿ ನೀರು ಕಾಯಿಸಿರುತ್ತಾರೆ. ಹೋಗುವ ಮುಂಚೆ ನಾನು ಹಲವು ಕಂಪನಿಗಳ ಜೊತೆ ಮಾತಾಡಿದ್ದೆ. ಒಂದು ಕಂಪನಿ ಬಹಳ ಕಡಿಮೆ ದರ ಹೇಳಿತು. ಹೊರುವವರಿಗೆ ಎಷ್ಟು ಕೊಡುತ್ತೀರಿ, ಅವರು ಎಲ್ಲಿ ಮಲಗುತ್ತಾರೆ, ದಿನಕ್ಕೆ ಎಷ್ಟು ಸಲ ಊಟ ಎಂದು ಕೇಳಿದೆ. ಉತ್ತರವೇ ಬರಲಿಲ್ಲ. ದರ ಯಾಕೆ ಕಡಿಮೆ ಅಂತ ಆಗ ಅರ್ಥವಾಯಿತು.

ಬರಾಫುವಿನ ಸಂಜೆ ನಮಗೆ ಊಟ ಬಡಿಸಿದ ಟೆಂಟಿನೊಳಗೇ ರಾತ್ರಿ ಅವರು ಮಲಗಿದ್ದನ್ನು ನೋಡಿದೆ. ಒಬ್ಬರಿಗೊಬ್ಬರು ಅಂಟಿಕೊಂಡು. ಪೋಲೆ ದಾದಾ ಅಂದ ಹುಡುಗನ ಶೂಗಳ ಅಡಿ ಸವೆದು ನುಣುಪಾಗಿತ್ತು. ಸೆನೀಸಿಯೊ ಗಿಡಕ್ಕೆ ಎಷ್ಟೋ ವರ್ಷಗಳ ಕಂಬಳಿ ಇದೆ, ನನಗೆ ಬೆಂಗಳೂರಿನಲ್ಲಿ ಕೊಂಡ ದುಬಾರಿ ಸ್ಲೀಪಿಂಗ್ ಬ್ಯಾಗ್ ಇದೆ. ಆ ಹುಡುಗನಿಗೆ ಇದ್ದದ್ದು ತೆಳು ಜಾಕೆಟ್ಟು, ಪಕ್ಕದಲ್ಲಿ ಮಲಗಿದವನ ಬಿಸಿ. ಮೋಶಿ ಊರಿನಲ್ಲಿ ಕಿಲಿಮಂಜಾರೊ ಪೋರ್ಟರ್ಸ್ ಅಸಿಸ್ಟೆನ್ಸ್ ಪ್ರಾಜೆಕ್ಟ್ ಎಂಬ ಸಂಸ್ಥೆ 2003ರಿಂದ ಕೆಲಸ ಮಾಡುತ್ತಿದೆ. ಇಂಥವರಿಗೆ ಬೆಚ್ಚನೆಯ ಬಟ್ಟೆ, ಶೂಗಳನ್ನು ದುಡ್ಡಿಲ್ಲದೆ ಬಳಸಲು ಕೊಡುತ್ತದೆ. ಯಾವ ಕಂಪನಿಗಳು ಹೊರುವವರನ್ನು ಸರಿಯಾಗಿ ನೋಡಿಕೊಳ್ಳುತ್ತವೆ ಎಂದೂ ಗಮನಿಸುತ್ತದೆ. ನಿಮ್ಮಲ್ಲಿ ಯಾರಾದರೂ ಹೋಗುವುದಾದರೆ ದಯವಿಟ್ಟು ಕೇಳಿ, ವಿಚಾರಿಸಿ ಹೋಗಿ. ಇದೊಂದು ಮಾತು ಹೇಳಲೇಬೇಕು ಅಂತಲೇ ನಾನು ಇವತ್ತು ಬಂದದ್ದು.

ಐದನೆಯ ರಾತ್ರಿ ನಿದ್ದೆ ಇಲ್ಲ. ಹನ್ನೆರಡು ಗಂಟೆಗೆ ಹೊರಟೆವು. ಆ ಹೊತ್ತಿನಲ್ಲಿ ಸಡಿಲ ಜಲ್ಲಿಯೂ ಹೆಪ್ಪುಗಟ್ಟಿ ಕಾಲಿಗೆ ಗಟ್ಟಿ ಸಿಗುತ್ತದೆ, ಹಗಲಿನ ಮೋಡ ಏಳುವ ಮುಂಚೆ ಇಳಿದುಬಿಡಬಹುದು. ತಲೆಗೆ ಕಟ್ಟಿದ ದೀಪದ ಬೆಳಕಿನಲ್ಲಿ ಮುಂದಿನವರ ಹಿಮ್ಮಡಿ ಬಿಟ್ಟರೆ ಏನೂ ಕಾಣುವುದಿಲ್ಲ. ಒಂದು ಹೆಜ್ಜೆ, ಒಂದು ಉಸಿರು. ಎರಡು ಗಂಟೆ ಆಗುವಷ್ಟರಲ್ಲಿ ನೀರಿನ ನಳಿಕೆ ಹೆಪ್ಪುಗಟ್ಟಿತು. ಮೂರು ಗಂಟೆಯ ಹೊತ್ತಿಗೆ ಹುಡುಗಿ ಓಲಾಡತೊಡಗಿದಳು. ಗೈಡ್ ಅವಳನ್ನು ನಿಲ್ಲಿಸಿ, ಒಂದು ಹೆಜ್ಜೆಯ ಮುಂದೆ ಇನ್ನೊಂದು ಹೆಜ್ಜೆ ಇಟ್ಟು ನೆಟ್ಟಗೆ ನಡೆಯಲು ಹೇಳಿದ. ಅವಳಿಗೆ ಆಗಲಿಲ್ಲ. ತಕ್ಷಣ ಸಹಾಯಕನ ಜೊತೆ ಕೆಳಗೆ ಕಳಿಸಿದ. ವಾದಕ್ಕೆ ಜಾಗವೇ ಇರಲಿಲ್ಲ. ಎತ್ತರದಲ್ಲಿ ಮಿದುಳು ಊದಿಕೊಳ್ಳುವುದಕ್ಕೆ ಶುರುವಾದರೆ ಮೊದಲು ತಪ್ಪುವುದು ನಡಿಗೆ, ಮುಖ್ಯ ಮದ್ದು ತಕ್ಷಣ ಇಳಿಯುವುದು. ನಾನೂ ಇಳಿಯುತ್ತೇನೆ ಅಂದೆ. ಅವಳು, "ದೊಡ್ಡಮ್ಮ, ಹೋಗಿ ಬನ್ನಿ, ಪ್ಲೀಸ್" ಅಂದಳು. ಇಳಿಯುತ್ತಾ ಹೋದ ಅವಳ ದೀಪವನ್ನು ಕಾಣುವವರೆಗೆ ನೋಡುತ್ತಾ ನಿಂತಿದ್ದೆ. ಓಡುವವರ ಶ್ವಾಸಕೋಶ ಗಟ್ಟಿ ಇರಬಹುದು. ಆದರೆ ಎತ್ತರದ ಕಾಯಿಲೆ ಯಾರಿಗೆ ಬರುತ್ತದೆ, ಯಾರಿಗೆ ಇಲ್ಲ ಅನ್ನುವುದಕ್ಕೂ ಅದಕ್ಕೂ ಸಂಬಂಧ ಇಲ್ಲ.

ಕಿಬೊದ ಬಾಯಿಯ ಅಂಚಿನಲ್ಲಿರುವ ಸ್ಟೆಲ್ಲಾ ಪಾಯಿಂಟ್ ತಲುಪಿದಾಗ ಪೂರ್ವಕ್ಕೆ ಮಾವೆಂಜಿಯ ಹಿಂದೆ ಕೆಂಪಾಗುತ್ತಿತ್ತು. ಅಲ್ಲಿಂದ ಉಹುರು ಇನ್ನು 139 ಮೀಟರ್ ಎತ್ತರ. ಎಡಗಡೆ ಹಿಮನದಿಗಳು, ಗೋಡೆಯ ಹಾಗೆ, ತಿಳಿನೀಲಿ. 1848ರಲ್ಲಿ ಯೊಹಾನೆಸ್ ರೆಬ್ಮನ್ ಎಂಬ ಜರ್ಮನ್ ಪಾದ್ರಿ ದೂರದಿಂದ ಈ ಬಿಳುಪನ್ನು ಕಂಡು ಹಿಮ ಎಂದು ಬರೆದಾಗ, ಲಂಡನ್ನಿನ ಪಂಡಿತರು ಭೂಮಧ್ಯರೇಖೆಯ ಹತ್ತಿರ ಹಿಮ ಇರಲು ಸಾಧ್ಯವೇ ಇಲ್ಲ ಎಂದು ತಳ್ಳಿಹಾಕಿದರು. ರೆಬ್ಮನ್‌ಗೆ ದಾರಿ ತೋರಿಸುತ್ತಿದ್ದವನಿಗೆ ಆ ಗೊಂದಲ ಇರಲಿಲ್ಲ. ಅವನು ಅದನ್ನು ಸುಮ್ನೆ ಚಳಿ ಎಂದು ಕರೆದ. ಅದರ ಹತ್ತಿರ ನಿಂತಾಗ ಅವನು ಕೊಟ್ಟ ಹೆಸರೇ ಸರಿ ಅನ್ನಿಸಿತು.

ಆ ಹಿಮ ಹೋಗುತ್ತಿದೆ. 1912ರಲ್ಲಿ ಸುಮಾರು 12 ಚದರ ಕಿಲೊಮೀಟರ್ ಇತ್ತು. 2007ರ ಹೊತ್ತಿಗೆ ಅದರಲ್ಲಿ ನೂರಕ್ಕೆ 85 ಭಾಗ ಮಾಯವಾಗಿತ್ತು. ಕರಗಿ ಹರಿಯುವುದಕ್ಕಿಂತ, ಒಣ ಗಾಳಿಯಲ್ಲಿ ನೇರವಾಗಿ ಆವಿಯಾಗಿ ಹೋಗುವುದು ಜಾಸ್ತಿ. ಹತ್ತೊಂಬತ್ತನೆಯ ಶತಮಾನದ ಕೊನೆಯಿಂದ ಅಲ್ಲಿಯ ಹವೆ ಒಣಗಿದೆ, ಈಗ ಭೂಮಿಯೂ ಬಿಸಿಯಾಗುತ್ತಿದೆ. ಹಿಮ ಹೋದರೆ ಕೆಳಗಿನ ಊರುಗಳಿಗೆ ನೀರು ಎಲ್ಲಿಂದ ಅಂತ ಕೇಳಿದೆ. ಗೈಡ್ ಕೆಳಗಿನ ಹಸಿರು ಪಟ್ಟಿಯ ಕಡೆ ಕೈ ತೋರಿಸಿದ. ಅವನು ತೋರಿಸಿದ್ದು ಸರಿ. ಆ ಬೆಟ್ಟದ ನೀರಿನ ಬಹುಪಾಲು ಬರುವುದು ಹಿಮದಿಂದಲ್ಲ, ಕಾಡಿನ ಮಳೆಯಿಂದ, ಮಂಜನ್ನು ಹಿಡಿಯುವ ಮರಗಳಿಂದ. ಕಾಡಿಗೆ ಬೆಂಕಿ ಬಿದ್ದರೆ ಆಗುವ ನಷ್ಟ ಹಿಮ ಕರಗುವುದಕ್ಕಿಂತ ದೊಡ್ಡದು. ನಮ್ಮ ಶೋಲಾ ಕಾಡಿನ ಪಕ್ಕದಲ್ಲಿ ಬೆಳೆದ ನಿಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಉಹುರುವಿನ ಹದಿನೈದು ನಿಮಿಷದ ಬಗ್ಗೆ ಹೇಳಲು ಹೆಚ್ಚೇನಿಲ್ಲ. ಒಂದು ಮರದ ಫಲಕ, ಫೋಟೊ ತೆಗೆಸಿಕೊಳ್ಳಲು ಸಾಲು ನಿಂತ ಜನ, ಗಾಳಿ. ನನ್ನ ಮನಸ್ಸೆಲ್ಲ ಕೆಳಗೆ ಬರಾಫುವಿನಲ್ಲಿತ್ತು. ಇಳಿದು ಬಂದಾಗ ಹುಡುಗಿ ಬಿಸಿಲಿನಲ್ಲಿ ಕೂತು ಗಂಜಿ ಕುಡಿಯುತ್ತಿದ್ದಳು. ನಡಿಗೆ ನೆಟ್ಟಗಾಗಿತ್ತು. ಆರನೆಯ ರಾತ್ರಿ 3,100 ಮೀಟರಿನ ಮ್ವೇಕಾ ಶಿಬಿರದಲ್ಲಿ ಇಬ್ಬರೂ ಸತ್ತ ಹಾಗೆ ಮಲಗಿದೆವು. ಅವಳ ಉಸಿರು ಸಮವಾಗಿತ್ತು.

ಮರುದಿನ ಗೈಡ್ ತನ್ನ ಮನೆಗೆ ಕರೆದ. ಬೆಟ್ಟದ ಬುಡದ ಆ ಚಾಗಾ ಜನರ ತೋಟಕ್ಕೆ ಕಿಹಾಂಬಾ ಎನ್ನುತ್ತಾರೆ. ಮೇಲೆ ದೊಡ್ಡ ಮರಗಳ ನೆರಳು, ಅದರ ಕೆಳಗೆ ಬಾಳೆ, ಬಾಳೆಯ ಕೆಳಗೆ ಕಾಫಿ, ನಡುವೆ ಮೇಲಿನ ಕಾಡಿನಿಂದ ತೋಡಿ ತಂದ ಕಾಲುವೆ. ನಮ್ಮೂರಿನ ತೋಟಕ್ಕೆ ಕಾಲಿಟ್ಟ ಹಾಗಾಯಿತು. 1933ರಲ್ಲೇ ಅಲ್ಲಿಯ ಕಾಫಿ ಬೆಳೆಗಾರರ ಸಹಕಾರ ಸಂಘ ಆಗಿತ್ತಂತೆ. ಅವನ ತಾಯಿ ಅಂಗಳದಲ್ಲಿ ಚಾಪೆಯ ಮೇಲೆ ಏನೋ ಒಣಹಾಕಿದ್ದರು. ಹತ್ತಿರ ಹೋಗಿ ನೋಡಿದರೆ ಮೊಳಕೆ ಬರಿಸಿದ ರಾಗಿ. ಬಾಳೆಹಣ್ಣಿನ ಜೊತೆ ಇದನ್ನು ಸೇರಿಸಿ ಮ್ಬೆಗೆ ಎಂಬ ಪಾನೀಯ ಹುಳಿಯಿಡುತ್ತಾರೆ. ಆಕೆ "ಉಲೆಜಿ" ಅಂದರು. ನಾನು "ರಾಗಿ" ಅಂದೆ. ನಮ್ಮ ರಾಗಿ ಸಾವಿರಾರು ವರ್ಷಗಳ ಹಿಂದೆ ಹೊರಟು ಬಂದದ್ದು ಪೂರ್ವ ಆಫ್ರಿಕಾದ ಎತ್ತರದ ನಾಡಿನಿಂದಲೇ. ಆಕೆ ಒಂದು ಹಿಡಿ ಎತ್ತಿ ನನ್ನ ಅಂಗೈಗೆ ಸುರಿದರು. ಮೂಗಿನ ಹತ್ತಿರ ತಂದೆ. ಇಪ್ಪತ್ಮೂರು ವರ್ಷದ ಹಿಂದೆ, ಪಕ್ಕದಲ್ಲಿ ನಿಂತಿದ್ದ ಈ ಹುಡುಗಿಗೆ ಹಲ್ಲು ಬರುವ ಮುಂಚೆ, ನಾನೇ ಕಾಲ ಮೇಲೆ ಮಲಗಿಸಿಕೊಂಡು ತಿನ್ನಿಸಿದ ರಾಗಿ ಸರಿಯ ವಾಸನೆ. ಅವಳ ಕೈಗೂ ಸ್ವಲ್ಪ ಹಾಕಿದೆ.